ತಿಪ್ಪೆಗೆ ಕೊಟ್ಟ ಕೂಸು

ಶಹಾಪುರ
೧೨ ಜೂನ್ ೨೦೨೪

ಅವ್ವಾ,

ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಈ ಸಲ ಕೈ ಬರಲಿಲ್ಲ. ಬುದ್ಧಪ್ರಿಯನಿಗೆ ಮತ್ತೆ ಎದೆ ಕಟ್ಟಿದೆ. ನಿನ್ನ ಹತ್ತಿರ ರಜೆ ಕಳೆದು ಬಂದು ಒಂದು ವಾರವೂ ಆಗಿರಲಿಲ್ಲ, ಜ್ವರ ಶುರುವಾಯಿತು. ಈಗ ಅರ್ಧ ಮಾತಿಗೇ ಉಸಿರು ಹತ್ತಿ ನಿಲ್ಲುತ್ತಾನೆ. ಇಲ್ಲಿಯ ಡಾಕ್ಟರು ಟಿಬಿ ಇರಬೇಕೆಂದು ಮತ್ತೆ ಗುಳಿಗೆ ಶುರು ಮಾಡಿದ್ದಾರೆ. ಐದು ವರ್ಷದ ಹುಡುಗನಿಗೆ ಇದು ಎರಡನೇ ಸಲದ ಟಿಬಿ. ಎರಡು ಸಲ ನ್ಯುಮೋನಿಯಾ ಆದದ್ದು, ಕುತ್ತಿಗೆಯ ಗಂಟು ಕೊಯ್ದದ್ದು ಬೇರೆ. "ಒಂದ ಹುಡುಗಗ ಎಷ್ಟ ರೋಗ ಬರತಾವರಿ?" ಎಂದು ನಮ್ಮವರು ಡಾಕ್ಟರ ಮುಂದೆ ದನಿ ಏರಿಸಿಬಿಟ್ಟರು. ಶಾಲೆಯಲ್ಲಿ ಮಕ್ಕಳಿಗೂ ಗದರದ ಮನುಷ್ಯ, ನಿನಗೆ ಗೊತ್ತಲ್ಲ.

ನಿನ್ನ ಕಿವಿ ಹೋದ ಮೇಲೆ ಫೋನು ದಂಡವಾಯಿತು. ಗೌಹರಬೇಗಂ ಮೊಬೈಲಿಗೆ ಬರೆದು ಕಳಿಸಿದರೆ ಓಣಿಯೆಲ್ಲ ಓದುತ್ತದೆ ಅನ್ನುತ್ತೀ. ಅದಕ್ಕೇ ಈ ಕಾಗದ. ಸಾಕ್ಷರತಾ ಶಾಲೆಯಲ್ಲಿ ನೀನು ಲಾಟೀನು ಹಿಡಿದು ಅಕ್ಷರ ಕಲಿತದ್ದು ಹೀಗೆ ಕೆಲಸಕ್ಕೆ ಬಂತು.

ಒಂದು ಹೇಳು. ಊರಲ್ಲಿದ್ದಾಗ ಅವನು ಕೆಮ್ಮುತ್ತಿದ್ದನೆ? ಎಲ್ಲಾದರೂ ಧೂಳಲ್ಲಿ ಆಡಿದನೆ?

ನಿನ್ನ
ಮಲ್ಲೇಶ್ವರಿ

*

ಬೋನಾಳ
೧೬ ಜೂನ್

ಮಲ್ಲವ್ವಾ,

ನಿನ್ನ ಕಾಗದ ಮೂರು ಸಲ ಓದೀನಿ. ಆದರ ಅಳಕೋತ ಕುಂತ್ರ ಪೋರಗ ಉಸಿರು ಬರತದೇನು? ಗಟ್ಟಿ ಆಗು.

ಇಲ್ಲಿ ಏನೂ ಆಗಿಲ್ಲ. ಪೋರ ಉಂಡ, ಆಡಿದ, ಕೆರಿ ದಂಡಿಗೆ ಹೋಗಿ ಹಕ್ಕಿ ಎಣಿಸಿದ. ನೂರರ ಮುಂದ ಎಣಿಸಾಕ ಬರೂದಿಲ್ಲಂತ ಅವಗ, ನೂರಾದ ಮ್ಯಾಲ ತಿರುಗಿ ಒಂದರಿಂದ ಶುರು ಮಾಡತಿದ್ದ. ಕೆಮ್ಮಿಲ್ಲ, ಧೂಳಿಲ್ಲ. ನಿಮ್ಮ ಮನಿ ಬಾಜೂ ಹತ್ತಿ ಬೀಜ ಬಿಡಸೂ ಜಿನ್ ಅದ ಅಲ್ಲ, ಅದರ ಕಸ ನೋಡು ಮೊದಲ.

ಪೋರ ಏನರೆ ಅಂದನೇನು ನನ್ನ ಬಗ್ಗೆ? ಅಂದಿದ್ದರ ಬರಿ.

ಇಂತಿ ಹಡದವ್ವ
ಮರಿಲಿಂಗಮ್ಮ

*

ಕಲಬುರಗಿ
೨೪ ಜೂನ್

ಅವ್ವಾ,

ಕಲಬುರಗಿಗೆ ಬಂದು ನಾಲ್ಕು ದಿನವಾಯಿತು. ದೊಡ್ಡ ದವಾಖಾನೆ, ಮಕ್ಕಳ ವಾರ್ಡು. ಬುದ್ಧನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದಾರೆ. ನುಜ್ಹತ ಎಂಬ ಡಾಕ್ಟರಮ್ಮ ನೋಡುತ್ತಿದ್ದಾರೆ. ನನಗಿಂತ ಚಿಕ್ಕವರು, ಆದರೆ ಕೆಲಸಕ್ಕೆ ನಿಂತರೆ ಊಟದ ನೆನಪಿಲ್ಲ. ನಮ್ಮ ಹಳೆಯ ಚೀಟಿಗಳನ್ನೆಲ್ಲ ಮಂಚದ ಮೇಲೆ ಸಾಲಾಗಿ ಹರವಿ ನೋಡಿದರು. "ಇದು ಟಿಬಿ ಅಲ್ಲ ಅನಸ್ತದರಿ. ಇವು ಐದು ರೋಗ ಅಲ್ಲ, ಒಂದ ಗಿಡದ ಟೊಂಗಿ ಇರಬೇಕು" ಎಂದರು.

ಅವರಿಗೆ ಅನುಮಾನವಿರುವುದು ಬೂಸುರಿನ ಮೇಲೆ. ಹಳಸಿದ ರೊಟ್ಟಿಯ ಮೇಲೆ ಬರುತ್ತದಲ್ಲ, ಆ ಜಾತಿಯದು ಎದೆಯೊಳಗೆ ಬೆಳೆದಿರಬಹುದಂತೆ. ನಮ್ಮ ನಿಮ್ಮಂಥವರ ಎದೆಯಲ್ಲಿ ಅದು ನಿಲ್ಲುವುದಿಲ್ಲ. ಹುಟ್ಟಿನಿಂದಲೇ ರಕ್ತದಲ್ಲಿ ಏನೋ ಕೊರತೆಯಿರುವ ಮಕ್ಕಳಲ್ಲಿ ಮಾತ್ರ ನಿಲ್ಲುತ್ತದೆ. ರಕ್ತ ಬೆಂಗಳೂರಿಗೆ ಹೋಗಿದೆ.

ಎರಡು ಪ್ರಶ್ನೆ ಕೇಳಿದ್ದಾರೆ. ಒಂದು, ರಜೆಯಲ್ಲಿ ಅವನು ಕೊಳೆತ ಹುಲ್ಲು, ಗೊಬ್ಬರ, ಕಾಳು ತುಂಬುವ ಹಳೆಯ ಹಗೆವು ಇಂಥ ಕಡೆ ಹೋಗಿದ್ದನೆ? ಎರಡು, ತಾಯಿಯ ಕಡೆ ಗಂಡು ಮಕ್ಕಳು ಸಣ್ಣ ವಯಸ್ಸಿನಲ್ಲಿ ತೀರಿದ್ದುಂಟೆ? ನನ್ನ ದೊಡ್ಡಣ್ಣ ಕೆರೆಗೆ ಬಿದ್ದ, ಸಣ್ಣಣ್ಣ ಹುಟ್ಟಿದ ದಿನವೇ ಹೋದ ಎಂದು ನೀನು ಹೇಳಿದ್ದನ್ನೇ ಹೇಳಿದೆ. "ಇನ್ನೊಮ್ಮೆ ಕೇಳಿ ನೋಡ್ರಿ" ಎಂದರು. ಕೇಳುತ್ತಿದ್ದೇನೆ.

ಮಲ್ಲೇಶ್ವರಿ

*

ಬೋನಾಳ
೨೮ ಜೂನ್

ಮಲ್ಲೇಶ್ವರೀ,

ಸತ್ತವರನ್ನ ಯಾಕ ಎಬ್ಬಸ್ತಿ? ಈ ಪ್ರಶ್ನಿ ಡಾಕ್ಟರಮ್ಮಂದಲ್ಲ, ನಿನ್ನ ಅತ್ತಿದು. ನನಗ ಕಿವಿ ಹೋಗಿರಬೇಕು, ತಲಿ ಹೋಗಿಲ್ಲ. ಲಗ್ನದಾಗೂ ಆಕಿ ಹಿಂಗ ಸುತ್ತು ಹಾಕಿ ಕೇಳಿದ್ದಳು, "ಗಂಡಸ ಮಕ್ಕಳು ಯಾಕ ಉಳದಿಲ್ಲ ನಿಮ್ಮ ಮನ್ಯಾಗ" ಅಂತ. ಆವತ್ತು ಏನ ಜವಾಬ್ ಕೊಟ್ಟಿದ್ದೆನೋ ಇವತ್ತೂ ಅದ. ಮಾನಪ್ಪ ಕೆರಿಗೆ ಬಿದ್ದ. ಇನ್ನೊಬ್ಬ ಕಣ್ಣು ಬಿಡಲಿಲ್ಲ. ಮುಗೀತು.

ಗೊಬ್ಬರಿಲ್ಲ, ಹಗೆವಿಲ್ಲ. ಜಿನ್ ಬಾಜೂಕಿನ ಮನಿ ಬಿಡ್ರಿ ಅಂತ ನಾ ಮೊದಲ ಹೇಳೀನಿ.

ನಾ ಬರಲೇನು? ಬ್ಯಾಡ ಅಂದ್ರ ಬರೂದಿಲ್ಲ.

ಮರಿಲಿಂಗಮ್ಮ

*

ಕಲಬುರಗಿ
೪ ಜುಲೈ

ಅವ್ವಾ,

ಅತ್ತೆಯವರು ಇಲ್ಲಿಗೆ ಬಂದೇ ಇಲ್ಲ. ಮೊಣಕಾಲು ನೋವು, ಮನೆಯಲ್ಲೇ ಕೂತು ದಿನಾ ಬುದ್ಧವಂದನೆ ಹೇಳಿ ಮೊಮ್ಮಗನ ಹೆಸರು ತೆಗೆದುಕೊಳ್ಳುತ್ತಾರೆ ಅಷ್ಟೆ. ಅವರನ್ನು ಇದಕ್ಕೆ ಎಳೆಯಬೇಡ.

ಬೆಂಗಳೂರಿನಿಂದ ವರದಿ ಬಂತು. ರೋಗಕ್ಕೆ ಸಿಜಿಡಿ ಎನ್ನುತ್ತಾರೆ. ರಕ್ತದ ಬಿಳಿ ಕಣಗಳು ನಮ್ಮ ಕಾವಲುಗಾರರಂತೆ. ಬುದ್ಧನ ಕಾವಲುಗಾರರು ಕಳ್ಳನನ್ನು ಹಿಡಿಯುತ್ತಾರೆ, ಆದರೆ ಅವರ ಕೈಯಲ್ಲಿ ಬಡಿಗೆ ಇಲ್ಲ. ಕೊಲ್ಲಲಾಗದೆ ಸುತ್ತ ಮುತ್ತಿಕೊಂಡು ಕೂರುತ್ತಾರೆ, ಅದೇ ಗಂಟಾಗುತ್ತದೆ. ಕುತ್ತಿಗೆಯಲ್ಲಿ ಆದದ್ದೂ ಅದೇ, ಎದೆಯಲ್ಲಿ ಆದದ್ದೂ ಅದೇ.

ಇದು ಬಂದದ್ದು ನನ್ನಿಂದ. ತಾಯಿಯಿಂದ ಮಗನಿಗೆ ಬರುತ್ತದೆ. ಹೆಣ್ಣುಮಕ್ಕಳು ಹೊತ್ತು ತಿರುಗುತ್ತೇವೆ, ಸಾಮಾನ್ಯವಾಗಿ ನಮಗೇನೂ ಆಗುವುದಿಲ್ಲ. ಕೇಳಿದ ದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇವರು ಬಂದು ಪಕ್ಕ ಕೂತು, "ಕಣ್ಣಿನ ಬಣ್ಣ ಕೊಟ್ಟಾಗ ಯಾರೂ ನಿನ್ನ ಬೈಲಿಲ್ಲ, ಇದಕ್ಯಾಕ ಬೈಬೇಕು" ಎಂದರು. ಎದ್ದು ಮುಖ ತೊಳೆದೆ. ಆಮೇಲೆ ಅತ್ತಿಲ್ಲ.

ಜಿನ್ ಪಕ್ಕದ ಮನೆ ಬಿಟ್ಟೆವು. ನೀನು ಎರಡು ಸಲ ಬರೆದೆಯಲ್ಲ, ಇವರು ಒಬ್ಬರೇ ಹೋಗಿ ಒಂದೇ ದಿನದಲ್ಲಿ ಸಾಮಾನು ಸಾಗಿಸಿ ತಿರುಗಿ ಇಲ್ಲಿಗೆ ಬಂದರು.

ಆದರೆ ಹುಡುಗ ಸುಧಾರಿಸುತ್ತಿಲ್ಲ ಅವ್ವಾ. ಬೂಸುರಿನ ಔಷಧ ನಡೆದಿದೆ, ಉಸಿರು ಮಾತ್ರ ಇಳಿಯುತ್ತಲೇ ಇದೆ. ಕೊಳೆತ ಗೊಬ್ಬರದ ಧೂಳು ಒಮ್ಮೆಲೇ ಬಹಳ ಎದೆಗೆ ಹೋಗಿದ್ದರೆ ಅದಕ್ಕೆ ಇನ್ನೊಂದು ಔಷಧ ಜೊತೆಗೆ ಕೊಡಬೇಕಂತೆ. ಹಾಗೆ ಆಗಿರದಿದ್ದರೆ ಅದೇ ಔಷಧ ಇವನ ಇದ್ದಬದ್ದ ಬಲವನ್ನೂ ತೆಗೆಯಬಹುದು. "ಖಾತ್ರಿ ಇಲ್ಲದ ನಾ ಹ್ಯಾಂಗ ಕೊಡಲಿ?" ಎಂದು ಡಾಕ್ಟರಮ್ಮ ಇವತ್ತೂ ಕೇಳಿದರು. ಅಂಥದ್ದೇನೂ ಆಗಿಲ್ಲ, ನಮ್ಮವ್ವ ಎರಡು ಸಲ ಬರೆದಿದ್ದಾಳೆ ಎಂದೆ. ಬುದ್ಧನನ್ನೂ ಕೇಳಿದೆ. ಗೋಡೆಯ ಕಡೆ ಮುಖ ತಿರುಗಿಸಿದ. ದಣಿದಿದ್ದಾನೆ.

ಮಲ್ಲೇಶ್ವರಿ

*

ಬೋನಾಳ
೮ ಜುಲೈ, ಮುಂಜಾನೆ

ಮಲ್ಲವ್ವಾ,

ಟಪಾಲಿಗೆ ಹಾಕಿದ್ರ ತಡ ಆಗತದಂತ ಈ ಕಾಗದ ಸುರಪುರದಾಗ ಕಲಬುರಗಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡತೀನಿ. ಅಳಿಯಂದಿರ ನಂಬರ ಮ್ಯಾಲ ಬರದೀನಿ. ಓದಿದ ಮ್ಯಾಲ ಮೊದಲ ಡಾಕ್ಟರಮ್ಮಗ ತೋರಸು. ನನ್ನ ಬೈಯೂದು ಆಮೇಲ ಬೈ.

ಗೊಬ್ಬರದ ಧೂಳು ಅವನ ಎದಿಗೆ ಹೋಗ್ಯದ. ನಾನ ಹಾಕೀನಿ.

ಮೇ ಇಪ್ಪತ್ತಮೂರಕ್ಕ ಹಿತ್ತಲ ತಿಪ್ಪಿ ಅಗಸಿದ್ದೆ, ಹೊಲಕ್ಕ ಗೊಬ್ಬರ ಹೇರಾಕ. ಎರಡು ವರ್ಷದ ತಿಪ್ಪಿ, ಒಳಗ ಬೆಳ್ಳಗ ಬೂಸರ ಕಟ್ಟಿತ್ತು. ಪೋರನ್ನ ಅದರ ಮ್ಯಾಲ ಮಲಗಿಸಿದೆ. ಮೊರದಾಗ ಒಣಾ ಗೊಬ್ಬರ ತಗೊಂಡು ಮೂರು ಸಲ ನೆತ್ತಿಯಿಂದ ಕಾಲತನಕಾ ಸುರವಿದೆ. ಹೊಗಿ ಎದ್ದಂಗ ಧೂಳೆದ್ದು ಕೆಮ್ಮಿದ. "ಅಜ್ಜೀ ಸಾಕು" ಅಂದದ್ದು ತುಟಿ ನೋಡಿ ತಿಳೀತು. ಮೂರು ಆಗೂತನಕಾ ನಾ ಬಿಡಲಿಲ್ಲ. ಆಮೇಲ ಪೋರನ್ನ ನಮ್ಮ ಓಣಿ ಖಾಜಾಬೀಗ ಒಂದು ಮೊರ ತವಡಿಗೆ ಮಾರಿ, ತಿರುಗಿ ಸೆರಗೊಡ್ಡಿ ಬೇಡಿ ತಗೊಂಡೆ. ಅವಗ ತಿಪ್ಪಣ್ಣ ಅಂತ ಹೆಸರ ಇಟ್ಟೆ. ಸಾವು ಬಂದು ನೋಡಿದ್ರ, ಇದು ತಿಪ್ಪಿ ಕಸ, ನಮಗ್ಯಾಕ ಅಂತ ಹೋಗಲಿ ಅಂತ. ಹಿಂದಿನವರು ಹಿಂಗ ಮಾಡತಿದ್ದರು. ನಿನಗೂ ಗೊತ್ತದ.

ಅಳಿಯಂದಿರು ಲಗ್ನದಾಗ ನನ್ನ ಕೈ ಹಿಡದು, "ಅತ್ತಿ, ನಮ್ಮ ಮಕ್ಕಳಿಗೆ ಇಂಥಾವು ಮಾಡಬ್ಯಾಡ್ರಿ" ಅಂದಿದ್ದರು. ನಾ ಹೂಂ ಅಂದಿದ್ದೆ. ಅದಕ್ಕ ಪೋರನ ಕೈಲೆ ಆಣಿ ಹಾಕಿಸಿದೆ, ಅಪ್ಪಗೂ ಅವ್ವಗೂ ಹೇಳಬಾರದು, ಹೇಳಿದ್ರ ಅಜ್ಜಿ ಸಾಯತಾಳ ಅಂತ.

ಈಗ ಎರಡನೇದ್ದು. ಡಾಕ್ಟರಮ್ಮ ಬರಕೊಳ್ಳಲಿ.

ಮಾನಪ್ಪ, ನನ್ನ ಹಿರೀ ಮಗ. ಮೂರು ವರ್ಷ. ಎದಿ ಕಟ್ಟಿ ಸತ್ತ. ಕೆರಿಗೆ ಬಿದ್ದಿಲ್ಲ.

ಗುಡ್ಡು, ಎರಡನೇ ಮಗ. ಹನ್ನೊಂದು ತಿಂಗಳು. ಹೆಸರ ಇಡೂಕಿಂತ ಮೊದಲ ಹಂಗ ಕರೀತಿದ್ದೆ. ಕಂಕಳಾಗ ಗಂಟು, ಆಮೇಲ ಎದಿ.

ತಿಪ್ಪಣ್ಣ, ನನ್ನ ತಮ್ಮ. ಆರು ವರ್ಷ. ಎದಿ.

ಯಾಕ ಸುಳ್ಳ ಹೇಳಿದಿ ಅಂತಿ. ಗುಡ್ಡು ಹೋದ ದಿನ ಸೂಲಗಿತ್ತಿ ನನ್ನ ಹೊಟ್ಟಿ ಕಡೆ ಕೈ ಮಾಡಿ, "ಇದು ಗಂಡು ತಿನ್ನೂ ಬಸಿರು" ಅಂದಳು. ಆ ಊರ ಬಿಟ್ಟು ಬೋನಾಳಕ್ಕ ಬಂದಿವಿ, ಮುಂದ ನೀವಿಬ್ಬರು ಹುಟ್ಟಿದ್ರಿ. ಆ ಮಾತು ನಮ್ಮ ಹಿಂದ ಈ ಊರಿಗೂ ಬಂದ್ರ ನಿಮ್ಮನ್ನ ಯಾರು ಹೆಣ್ಣು ಕೇಳತಿದ್ದರು? ಅದಕ್ಕ ಒಬ್ಬನ್ನ ಕೆರಿಗೆ ನೂಕಿದೆ, ಒಬ್ಬನ ವಯಸ್ಸು ತಿಂದೆ. ನಿಮ್ಮಪ್ಪನೂ ಸಾಯೂತನಕಾ ಅದನ್ನ ಹೇಳಿದ.

ನಿನ್ನನ್ನ ಹುಟ್ಟಿದ ಐದನೇ ದಿನಕ್ಕ ಅದ ತಿಪ್ಪಿ ಮ್ಯಾಲ ಮಲಗಿಸಿದ್ದೆ. ನೀ ಉಳದಿ. ನಿನ್ನ ತಂಗಿ ರಾಧಿಕಾನ್ನೂ ಮಲಗಿಸಿದೆ. ಆಕೀನೂ ಉಳದಳು. ತಿಪ್ಪಿನ ಉಳಿಸ್ತು ಅಂತ ಮೂವತ್ತು ವರ್ಷ ಕೈ ಮುಗದೀನಿ. ಹೆಣ್ಣಿಗೆ ಈ ರೋಗ ಆಗೂದಿಲ್ಲಂತ ನಿನ್ನ ಕಾಗದ ಓದಿದಾಗ ಗೊತ್ತಾತು. ನೀವು ತಿಪ್ಪಿಯಿಂದ ಉಳದಿಲ್ಲ, ಹೆಣ್ಣಾಗಿ ಉಳದ್ರಿ.

ಪೋರಗ ಹೇಳು. ಆಣಿ ನಾನ ತಿರುಗಿ ತಗೊಂಡೀನಿ, ಅಜ್ಜಿ ಸಾಯೂದಿಲ್ಲ ಅಂತ ಹೇಳು.

ಮರಿಲಿಂಗಮ್ಮ

*

ಕಲಬುರಗಿ
೧೦ ಜುಲೈ

ಮರಿಲಿಂಗಮ್ಮ ಅವರಿಗೆ,

ಪತ್ರ ಅದೇ ದಿನ ಸಂಜೆ ಐದಕ್ಕೆ ತಲುಪಿತು. ಡಾಕ್ಟರಿಗೆ ಕೊಟ್ಟೆ. ನಿಂತಲ್ಲೇ ಓದಿ ಹೊಸ ಔಷಧ ಬರೆದರು.

ಮಲ್ಲೇಶ್ವರಿ

*

ಬೋನಾಳ
೨ ಆಗಸ್ಟ್

ಮಲ್ಲವ್ವಾ,

ನಿನ್ನ ಕಾಗದಿಲ್ಲ. ಬರೂದಿಲ್ಲಂತ ನನಗೂ ಗೊತ್ತಿತ್ತು. ರಾಧಿಕಾ ಹೆರಿಗಿಗೆ ಗುರುಮಠಕಲ್‌ದಿಂದ ಬಂದಾಳ. ಆಕಿ ಫೋನಿನ್ಯಾಗ ಅಳಿಯಂದಿರು ಹೇಳಿದ್ದನ್ನ ಹಲಗಿ ಮ್ಯಾಲ ಬರದು ತೋರಿಸಿದಳು. ಆಕ್ಸಿಜನ್ ತಗದಾರ, ಮಂಚದ ಮ್ಯಾಲ ಎದ್ದು ಕುಂತಾನ, ಇಡ್ಲಿ ಬೇಡ್ಯಾನ. ಆ ಹಲಗಿ ಎರಡು ದಿನ ಒರಸಲಿಲ್ಲ.

ನಿನಗ ಬ್ಯಾಡಾದ್ರೂ ನಾ ಬರೀತೀನಿ. ಹಿತ್ತಲ ತಿಪ್ಪಿ ತಗಸೀನಿ. ನೀರು ಹೊಡದು ತೋಯಿಸಿ, ಟ್ರ್ಯಾಕ್ಟರಿಗೆ ಹೇರಿ ಊರ ಹೊರಗ ಹಾಕಿಸಿದೆ. ರಾಧಿಕಾ ಆ ಎರಡು ದಿನ ಖಾಜಾಬೀ ಮನ್ಯಾಗ ಇದ್ದಳು. ಎಮ್ಮಿ ಎರಡೂ ಗೌಹರಬೇಗಂ ಕೊಟ್ಟಿಗ್ಯಾಗ ಕಟ್ಟೀನಿ, ದಿನಾ ಅಲ್ಲಿತನಕಾ ನಡದು ಹೋಗಿ ಹಿಂಡಿ ಬರತೀನಿ. ಕುಣಿಗೆ ಮೊರಂ ಮಣ್ಣು ತುಂಬಿಸಿದೆ. "ಮನಿ ಲಕ್ಷ್ಮೀನ ಹೊರಗ ಹಾಕ್ತಾಳ, ಮುದುಕಿಗೆ ತಲಿ ಕೆಟ್ಟದ" ಅಂತ ಓಣ್ಯಾಗ ಆಡಕೊಂಡರಂತ. ನನಗ ಕಿವಿ ಇಲ್ಲ. ಛಲೋನ ಆತು.

ಮರಿಲಿಂಗಮ್ಮ

*

ಶಹಾಪುರ
೧೫ ಸೆಪ್ಟೆಂಬರ್

ನಿಮ್ಮ ಪತ್ರ ಸೇರಿದೆ.

ಉತ್ತರ ಬರೆಯಬಾರದೆಂದಿದ್ದೆ. ರಾಧಿಕಾಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ಸಿಟ್ಟು ಹೇಳಿಬಿಡುತ್ತೇನೆ. ತಿಪ್ಪೆಯ ಮೇಲೆ ಮಲಗಿಸಿದ್ದಕ್ಕೆ ಅಲ್ಲ. ಗೊತ್ತಿಲ್ಲದೆ ಮಾಡಿದಿರಿ, ಉಳಿಸಲೆಂದೇ ಮಾಡಿದಿರಿ. ನನ್ನ ಹೊಟ್ಟೆ ಉರಿಯುವುದು ಆ ಆಣೆಗೆ. ಮುಖದ ಮೇಲೆ ಮಾಸ್ಕ್ ಇಟ್ಟುಕೊಂಡು, ಉಸಿರಿಗೆ ಒದ್ದಾಡುತ್ತ, ನನ್ನ ಮಗ ನಿಮ್ಮನ್ನು ಬದುಕಿಸಲು ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದ. ದಣಿದಿದ್ದಾನೆ ಎಂದು ನಾನು ತಿಳಿದೆ. ನಿಮ್ಮ ಪತ್ರ ಓದಿ ಹೇಳಿದಾಗ ಅವನು ಕೇಳಿದ ಮೊದಲ ಮಾತು, "ಅಜ್ಜಿ ಖರೇನ ಸಾಯಂಗಿಲ್ಲಲ್ಲ?" ಇದನ್ನು ನಾನು ಮರೆಯಲಾರೆ. ಮರೆತೆ ಎಂದು ಸುಳ್ಳು ಹೇಳಲೂ ಆರೆ.

ಇನ್ನು ಕೆಲಸದ ಮಾತು. ಬುದ್ಧ ಮನೆಗೆ ಬಂದಿದ್ದಾನೆ. ದಿನಾ ಎರಡು ಔಷಧ, ತಪ್ಪಿಸುವಂತಿಲ್ಲ. ಮುಂದೆ ಮೂಳೆಯ ಮಜ್ಜೆ ಬದಲಿಸುವ ಚಿಕಿತ್ಸೆ ಇದೆಯಂತೆ, ಹೊಂದುವ ದಾನಿ ಸಿಗಬೇಕು. ಹುಡುಕುತ್ತೇವೆ, ಸಿಗುವ ತನಕ ಹುಡುಕುತ್ತೇವೆ.

ರಾಧಿಕಾಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದೆವು, ಅವಳಲ್ಲೂ ಅದೇ ಇದೆ ಎಂದು ಗೊತ್ತಾಗಿದೆ. ಅವಳಿಗೆ ಗಂಡು ಹುಟ್ಟಿದರೆ ಎರಡರಲ್ಲಿ ಒಂದು ಪಾಲು ಇದು ಬರಬಹುದು. ಹುಟ್ಟಿದ ಕೂಡಲೇ ತೋಳಿಗೆ ಹಾಕುವ ಬಿಸಿಜಿ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಬೇರೆ ಮಕ್ಕಳಿಗೆ ಅದು ರಕ್ಷೆ, ಈ ಮಕ್ಕಳಿಗೆ ಅಪಾಯ. ರಕ್ತ ಪರೀಕ್ಷೆ ಆಗುವ ತನಕ ಅದನ್ನು ಹಾಕಿಸಬಾರದು. ಡಾಕ್ಟರಮ್ಮ ಬರೆದ ಚೀಟಿ ಇದರ ಜೊತೆ ಇದೆ. ಕೂಸಿನ ಹತ್ತಿರ ಗೊಬ್ಬರ, ಹಳೆಯ ಹುಲ್ಲು, ಯಾವ ಧೂಳೂ ಬರಬಾರದು. ನನಗೆ ಇಲ್ಲಿಂದ ಕದಲಲು ಆಗುವುದಿಲ್ಲ. ಅಲ್ಲಿ ಇರುವವರು ನೀವೊಬ್ಬರೇ.

ಮಲ್ಲೇಶ್ವರಿ

*

ಬೋನಾಳ
೨೮ ಅಕ್ಟೋಬರ್

ಮಲ್ಲವ್ವಾ,

ಹದಿನಾರನೇ ತಾರೀಖಿಗೆ ಸುರಪುರ ದವಾಖಾನ್ಯಾಗ ರಾಧಿಕಾ ಗಂಡು ಹಡದಾಳ. ಬಾಣಂತಿ ಕೂಸು ಇಬ್ಬರೂ ಹುಷಾರ್ ಅದಾರ.

ನಿನ್ನ ಚೀಟಿ ಒಂದು ತಿಂಗಳಿಂದ ಕುಪ್ಪಸದಾಗ ಇಟ್ಟಕೊಂಡಿದ್ದೆ, ಬೆವರಿಗೆ ತೋಯಬಾರದಂತ ಪ್ಲಾಸ್ಟಿಕ್‌ನ್ಯಾಗ ಸುತ್ತಿ. ನರ್ಸಮ್ಮ ಸೂಜಿ ತಗೊಂಡು ಬಂದಳು. ನಾ ತೊಟ್ಟಲ ಮುಂದ ನಿಂತೆ. ಆಕಿ ಏನೇನೋ ಅಂದಳು, ನನಗ ಕೇಳಲಿಲ್ಲ. ಚೀಟಿ ಹಿಡದೆ. ಆಕಿ ಓದಿ ದೊಡ್ಡ ಡಾಕ್ಟರನ್ನ ಕರದಳು, ಅವರೂ ಓದಿ ಗೋಣು ಹಾಕಿದರು. ಅಂಜಿ ಜಗಳಕ್ಕ ಸೆರಗು ಸಿಗಿಸಿ ನಿಂತಿದ್ದೆ, ಸುಮ್ಮನ ದಂಡ ಆತು. ರಕ್ತ ತಗದು ಅವರ ಕಳಿಸಿದರು.

ಐದನೇ ದಿನಕ್ಕ ಮನಿಗೆ ಓಣಿ ಹೆಂಗಸರು ಬಂದರು, ಮೊರ ತಗೊಂಡು. ತಿಪ್ಪಿ ನಿಮ್ಮ ಹಿತ್ತಲಾಗ ಇಲ್ಲಂದ್ರ ನಮ್ಮದದ ಅಂತ ಖಾಜಾಬೀ ಕೈಸನ್ನಿ ಮಾಡಿದಳು. ಪಾಪ, ಪ್ರೀತಿಲೆ ಬಂದಿದ್ದಳು. ನಾ ಮೊರ ಕಸಗೊಂಡು ಬೋರಲ ಹಾಕಿ ಅದರ ಮ್ಯಾಲ ಕುಂತೆ. ಎಲ್ಲಾರ ಮುಂದ ಹೇಳಿದೆ, ಮಾನಪ್ಪ ಕೆರಿಗೆ ಬಿದ್ದಿಲ್ಲ, ಗುಡ್ಡು ಹುಟ್ಟಿದ ದಿನ ಹೋಗಿಲ್ಲ, ನನ್ನ ತಮ್ಮ ತಿಪ್ಪಿ ಮ್ಯಾಲ ಮಲಗಿದವನ, ಅವನೂ ಉಳದಿಲ್ಲ. ಗಂಡು ತಿಂದದ್ದು ನನ್ನ ಬಸಿರಲ್ಲ, ರೋಗ. ಅದಕ್ಕ ಹೆಸರೂ ಅದ, ಔಷಧೂ ಅದ. ಒದರಿ ಹೇಳಿದೆನೋ ಮೆಲ್ಲಕ ಹೇಳಿದೆನೋ ನನಗ ಗೊತ್ತಿಲ್ಲ. ಗೌಹರಬೇಗಂ ಎದ್ದು ಬಂದು ನನ್ನ ಕಣ್ಣು ಒರಸಿದಳು. ಆಗ ಗೊತ್ತಾತು ನಾ ಅಳಾಕತ್ತೀನಿ ಅಂತ.

ನಿನ್ನೆ ವರದಿ ಬಂತು. ಇವಗೂ ಅದ.

ರಾಧಿಕಾ ಒಂದು ಹೊತ್ತು ಅತ್ತಳು. ನಾ ಬಿಡಲಿಲ್ಲ, ಎಬ್ಬಿಸಿ ಉಣ್ಣಾಕ ಹಾಕಿದೆ. ಆರು ವಾರ ತುಂಬಿದ ಮ್ಯಾಲ ದಿನಾ ಔಷಧ ಶುರು ಮಾಡತಾರಂತ ನಿಮ್ಮ ಡಾಕ್ಟರಮ್ಮ, ಅಲ್ಲಿತನಕಾ ಜ್ವರ ಜರಾ ಬಂದ್ರೂ ಗಾಡಿ ಮಾಡಿಕೊಂಡು ಬರ್ರಿ ಅಂದಾರ. ನಮ್ಮ ನಾಲ್ಕೂ ಪೋರರಿಗೆ ರೋಗ ಮೊದಲ ಬಂತು, ನಾವು ಹಿಂದಿಂದ ಓಡಿದಿವಿ. ಈ ಸಲ ನಾವ ಮೊದಲ ಬಂದು ಬಾಗಿಲಾಗ ಕುಂತೀವಿ. ಇವ ಇನ್ನಾ ಒಂದ ಸಲನೂ ಕೆಮ್ಮಿಲ್ಲ.

ಹೆಸರ ಗುಡ್ಡು ಅಂತ ಕರೀತೀನಿ. ಮೂವತ್ತೆರಡು ವರ್ಷದಾಗ ಆ ಹೆಸರ ಬಾಯಾಗ ತಂದಿದ್ದಿಲ್ಲ. ರಾಧಿಕಾ ಹೂಂ ಅಂದಾಳ.

ನಿನಗ ಬಾ ಅನ್ನೂ ಹಕ್ಕು ನನಗಿಲ್ಲ. ಹಿತ್ತಲ ಸ್ವಚ್ಛ ಅದ ಅಂತಷ್ಟ ಬರೀತೀನಿ.

ಮರಿಲಿಂಗಮ್ಮ

*

ಶಹಾಪುರ
೬ ನವೆಂಬರ್

ಅವ್ವಾ,

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇವೆ, ಮೂವರೂ. ಇವರೂ ಬರುತ್ತಾರೆ. ನಿನ್ನ ಮೇಲೆ ಇವರಿಗೆ ಸಿಟ್ಟಿಲ್ಲವೆಂದಲ್ಲ, ಎದುರಿಗೇ ಕೂತು ಹೇಳುತ್ತಾರಂತೆ. ಹಲಗೆ, ಬಳಪ ತೆಗೆದಿಡು.

ಡಾಕ್ಟರಮ್ಮನನ್ನು ಕೇಳಿದೆ. ಹೋಗಬಹುದು, ಕೆರೆ ದಂಡೆಯನ್ನು ದೂರದಿಂದ ನೋಡಲಿ, ಹೊಲಕ್ಕೆ ಬೇಡ, ಕೊಟ್ಟಿಗೆಗೆ ಬೇಡ ಎಂದರು. ಬುದ್ಧ ಈಗ ಇನ್ನೂರರ ತನಕ ಎಣಿಸುತ್ತಾನೆ. ಗುಡ್ಡುಗೆ ಹಕ್ಕಿ ತೋರಿಸಬೇಕಂತೆ, ಮೂರು ವಾರದ ಕೂಸಿಗೆ ಕಣ್ಣು ನೆಡುವುದಿಲ್ಲ ಎಂದರೂ ಕೇಳುವುದಿಲ್ಲ.

ಅವನು ಹೊರಗೆ ಹೋಗುವಾಗೆಲ್ಲ ಮಾಸ್ಕ್ ಹಾಕುತ್ತೇವೆ, ಬಸ್ಸಿನಲ್ಲೂ ಹಾಕುತ್ತೇವೆ. ಅಜ್ಜಿ ಮನೆಯೊಳಗೂ ಹಾಕಿಕೊಳ್ಳಬೇಕಾ ಎಂದು ನಿನ್ನೆ ಕೇಳಿದ.

ಬೇಡ ಎಂದೆ.

ನಿನ್ನ
ಮಲ್ಲೇಶ್ವರಿ